ಗ್ರಾಂ ಲೆಕ್ಕದ ನ್ಯಾಯ

ಗಾಂಜಾ ಆದರೆ ಒಂದು ಕಿಲೋ. ಚರಸ್ 100 ಗ್ರಾಂ, ಅಫೀಮು 25 ಗ್ರಾಂ, ಹೆರಾಯಿನ್ 5 ಗ್ರಾಂ, ಕೊಕೇನ್ 2 ಗ್ರಾಂ, ಎಂಡಿಎಂಎ ಅರ್ಧ ಗ್ರಾಂ. ಕೇಂದ್ರ ಸರ್ಕಾರ 2001ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪಟ್ಟಿಯಲ್ಲಿ ಇವು ‘ಅಲ್ಪ ಪ್ರಮಾಣ’. ಪಕ್ಕದ ಅಂಕಣದಲ್ಲಿ ‘ವಾಣಿಜ್ಯ ಪ್ರಮಾಣ’ ಇದೆ: ಗಾಂಜಾ 20 ಕಿಲೋ, ಹೆರಾಯಿನ್ 250 ಗ್ರಾಂ, ಎಂಡಿಎಂಎ 10 ಗ್ರಾಂ. ಮೊದಲ ಅಂಕಣದೊಳಗೆ ಇದ್ದರೆ ಹೆಚ್ಚೆಂದರೆ ಒಂದು ವರ್ಷ ಜೈಲು. ಎರಡನೆಯದನ್ನು ದಾಟಿದರೆ ಕಡಿಮೆಯೆಂದರೆ ಹತ್ತು ವರ್ಷ. ನಡುವೆ ಬಿದ್ದವರಿಗೆ ಹತ್ತು ವರ್ಷದವರೆಗೆ ಎಷ್ಟು ಬೇಕಾದರೂ ಆಗಬಹುದು. ಸಿಕ್ಕಿಬಿದ್ದವನು ಮಾರುವವನೋ, ಚಟಕ್ಕೆ ಬಿದ್ದವನೋ, ಗೆಳೆಯರ ಒತ್ತಾಯಕ್ಕೆ ಮೊದಲ ಸಲ ಸೇದಿದ ಹುಡುಗನೋ ಎಂಬುದೆಲ್ಲ ಆಮೇಲಿನ ಮಾತು. ನಮ್ಮ ಮಾದಕ ವಸ್ತು ಕಾನೂನು ಮೊದಲು ನೋಡುವುದು ತೂಕವನ್ನು.

ನಲವತ್ತು ವರ್ಷಗಳಿಂದ ಜಾರಿಯಲ್ಲಿರುವ ಈ ಎನ್‌ಡಿಪಿಎಸ್ ಕಾಯ್ದೆಯನ್ನು ವಕೀಲರೂ ಪೊಲೀಸರೂ ಬೇಕಾದ ಸೆಕ್ಷನ್‌ಗಳನ್ನಷ್ಟೇ ಹೆಕ್ಕಿ ಓದುತ್ತಾರೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದು ಬರಹವಾಗಿ ಓದಿದರೆ ಅದಕ್ಕೆ ಇಬ್ಬರು ಕರ್ತೃಗಳಿದ್ದಾರೆ ಅನ್ನಿಸುತ್ತದೆ. ಒಬ್ಬರಿಗೆ ವ್ಯಸನ ಒಂದು ಕಾಯಿಲೆ ಎಂಬುದು ಗೊತ್ತಿದೆ. 39, 64ಎ, 71ನೇ ಸೆಕ್ಷನ್‌ಗಳು ಅವರ ಬರಹ. ಇನ್ನೊಬ್ಬರಿಗೆ ಕಾಣುವುದು ಅಪರಾಧಿ ಮಾತ್ರ, ಮಿಕ್ಕಿದ್ದೆಲ್ಲ ಅವರದು. ಮೊದಲನೆಯವರ ಮಾತು ಎರಡನೆಯವರ ಅಪ್ಪಣೆಯಿಲ್ಲದೆ ನಡೆಯದಂತೆ ಕಾಯ್ದೆಯನ್ನು ಕಟ್ಟಲಾಗಿದೆ. ನನ್ನ ತಕರಾರು ಇರುವುದು ಇಲ್ಲಿಯೇ. ಚಟಕ್ಕೆ ಬಿದ್ದವನನ್ನು ಸರ್ಕಾರದ ಕಡೆಯಿಂದ ಮೊದಲು ಮಾತನಾಡಿಸುವವರು ಯಾರು ಎಂಬುದರ ಮೇಲೆ ಅವನ ಮುಂದಿನ ಬದುಕು ನಿಂತಿರುತ್ತದೆ. ನಮ್ಮ ಕಾನೂನು ಆ ಮೊದಲ ಭೇಟಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಟ್ಟಿದೆ.

ಈ ದೇಶದಲ್ಲಿ ಇದು ಯಾವಾಗಲೂ ಹೀಗಿರಲಿಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದು, ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಜಾಲಾಡಿ, ಮರುವರ್ಷ ವರದಿ ಕೊಟ್ಟಿತು. ಗಾಂಜಾ-ಭಂಗಿಗಳ ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಮೂಲಕ ಹತೋಟಿಯಲ್ಲಿಡಿ ಎಂಬುದು ಅದರ ಸಾರ. ವಸಾಹತು ಸರ್ಕಾರಕ್ಕೆ ಅಬಕಾರಿ ಆದಾಯದ ಆಸೆ ಇದ್ದದ್ದು ನಿಜ. ಆದರೂ ಜನರನ್ನು ಕೇಳಿ, ವೈದ್ಯರನ್ನು ಕೇಳಿ, ಆಮೇಲೆ ತೀರ್ಮಾನಕ್ಕೆ ಬರುವ ಸಹನೆ ಆ ಆಯೋಗಕ್ಕಿತ್ತು. ಸ್ವತಂತ್ರ ಭಾರತ ಅಷ್ಟು ಸಹನೆ ತೋರಲಿಲ್ಲ. 1961ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದದಲ್ಲಿ ಗಾಂಜಾದ ರೂಢಿಗತ ಬಳಕೆಯನ್ನು ಕೊನೆಗಾಣಿಸಲು 25 ವರ್ಷಗಳ ಗಡುವಿತ್ತು. ಗಡುವು ಮುಗಿಯುತ್ತ ಬಂದಾಗ, 1985ರ ಆಗಸ್ಟ್‌ನಲ್ಲಿ, ಮಸೂದೆ ಲೋಕಸಭೆಗೆ ಬಂತು. ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ನವೆಂಬರ್ 14ರಂದು ಕಾಯ್ದೆ ಜಾರಿಗೆ ಬಂತು. ನೂರಾರು ವರ್ಷಗಳ ರೂಢಿಯೊಂದು ಮೂರು ತಿಂಗಳೊಳಗೆ ಅಪರಾಧವಾಯಿತು.

ಅವಸರದ ಗುರುತು ಕಾಯ್ದೆಯ ಮೈಮೇಲೆ ಈಗಲೂ ಇದೆ. ಗಿಡದ ಹೂತೆನೆ ನಿಷಿದ್ಧ. ತೆನೆಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ವ್ಯಾಖ್ಯೆಯಿಂದ ಹೊರಗೆ. ಹಾಗಾಗಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಇರುವ ಭಂಗಿ ಅಂಗಡಿಗಳಿವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ, ಭಂಗಿ ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲ ಎಂದು ಹೇಳಬೇಕಾಯಿತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವುದನ್ನು ಪತ್ರಿಕೆಗಳು ವರದಿ ಮಾಡಿವೆ. ಒಂದೇ ಗಿಡದ ಎಲೆಗೆ ಅಂಗಡಿ, ಹೂವಿಗೆ ಜೈಲು. ಇಂಥ ಕಡೆ ಕಾನೂನಿನ ಮೇಲೆ ಜನರಿಗೆ ಗೌರವ ಹುಟ್ಟುವುದು ಕಷ್ಟ.

1989ರ ತಿದ್ದುಪಡಿ ಇನ್ನಷ್ಟು ಬಿಗಿ ಮಾಡಿತು. ಜಾಮೀನನ್ನು ಬಹುತೇಕ ಅಸಾಧ್ಯವಾಗಿಸಿದ 37ನೇ ಸೆಕ್ಷನ್, ಕೆಲವು ಅಪರಾಧಗಳು ಮರುಕಳಿಸಿದರೆ ಕಡ್ಡಾಯ ಮರಣದಂಡನೆ ಎಂಬ 31ಎ ಆಗ ಸೇರಿದವು. ಕಡ್ಡಾಯ ಮರಣದಂಡನೆಯನ್ನು ಬಾಂಬೆ ಹೈಕೋರ್ಟ್ 2011ರಲ್ಲಿ ಒಪ್ಪಲಿಲ್ಲ. 2014ರಲ್ಲಿ ಸಂಸತ್ತು ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಆದರೆ ಈ ಬಿಗಿಯ ಅತಿ ದೊಡ್ಡ ಪೆಟ್ಟು ಬಿದ್ದದ್ದು ಚಟಕ್ಕೂ ಅಪರಾಧಕ್ಕೂ ಯಾವ ಸಂಬಂಧವೂ ಇಲ್ಲದವರ ಮೇಲೆ. ಭಾರತ ಔಷಧಕ್ಕಾಗಿ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೆ ಮಾರುವ ದೇಶ. ಅಂಥ ದೇಶದಲ್ಲಿ 1985ರಲ್ಲಿ ವೈದ್ಯಕೀಯಕ್ಕೆ ಬಳಕೆಯಾದ ಮಾರ್ಫಿನ್ ಸುಮಾರು 573 ಕಿಲೋ. 1997ರ ಹೊತ್ತಿಗೆ ಅದು 18 ಕಿಲೋಗೆ ಇಳಿದಿತ್ತು. ಒಂದೊಂದು ರಾಜ್ಯದಲ್ಲೂ ಹಲವು ಪರವಾನಗಿ, ತಪ್ಪಿದರೆ ಹತ್ತು ವರ್ಷ ಜೈಲು. ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರಿನ ಕೊನೆಯ ಹಂತದಲ್ಲಿ ನೋವಿನಿಂದ ಹಲ್ಲುಕಚ್ಚಿ ಸತ್ತ ಲೆಕ್ಕವಿಲ್ಲದಷ್ಟು ಜನರ ಹೆಸರು ಯಾವ ಅಪರಾಧ ದಾಖಲೆಯಲ್ಲೂ ಇಲ್ಲ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥ ಉಪಶಾಮಕ ಚಿಕಿತ್ಸೆಯ ವೈದ್ಯರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ, 2014ರ ತಿದ್ದುಪಡಿಯಲ್ಲಿ ‘ಅಗತ್ಯ ಮಾದಕ ಔಷಧ’ ಎಂಬ ವರ್ಗ ಬಂದು ದಾರಿ ಸ್ವಲ್ಪ ಸಲೀಸಾಯಿತು. ಅಮಲನ್ನು ತಡೆಯಲು ಹೊರಟ ಕಾನೂನೊಂದು ನೋವು ನಿವಾರಣೆಯನ್ನು ಮೂರು ದಶಕ ತಡೆದು ನಿಲ್ಲಿಸಿತ್ತೆಂಬುದನ್ನು ನಾವು ಸುಲಭವಾಗಿ ಮರೆಯಬಾರದು.

ಈಗ ತೂಕದ ವಿಷಯಕ್ಕೆ ಮರಳೋಣ. 2001ರ ತಿದ್ದುಪಡಿ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ಅದಕ್ಕೂ ಮೊದಲು ಸಣ್ಣವರೂ ದೊಡ್ಡವರೂ ಒಂದೇ ಹತ್ತು ವರ್ಷದ ಬಲೆಗೆ ಬೀಳುತ್ತಿದ್ದರು; ಪ್ರಮಾಣಕ್ಕೆ ತಕ್ಕ ಶಿಕ್ಷೆ ಎಂಬುದು ಸುಧಾರಣೆಯೇ ಆಗಿತ್ತು. ಆದರೆ ಪ್ರಮಾಣವನ್ನು ಹಿಡಿದುಕೊಂಡು ಉದ್ದೇಶವನ್ನು ಕೈಬಿಟ್ಟರು. ಹಿಂದೆ 27ನೇ ಸೆಕ್ಷನ್ ಸ್ವಂತ ಬಳಕೆಗೆಂದು ಇಟ್ಟುಕೊಂಡ ಅಲ್ಪ ಪ್ರಮಾಣವನ್ನು ಬೇರೆಯಾಗಿ ನೋಡುತ್ತಿತ್ತು. ಈಗ ಅದರಲ್ಲಿ ಸೇವನೆ ಮಾತ್ರ ಉಳಿದಿದೆ. ಜೇಬಿನಲ್ಲಿ ಇಟ್ಟುಕೊಂಡದ್ದು ಸ್ವಂತಕ್ಕೋ ಮಾರಾಟಕ್ಕೋ, ಸೆಕ್ಷನ್ ಒಂದೇ. ಇದರ ಮೇಲೆ 2009ರ ಅಧಿಸೂಚನೆ ಬಂತು: ಶುದ್ಧ ಮಾದಕಾಂಶವನ್ನಷ್ಟೇ ಅಲ್ಲ, ಬೆರಕೆಯ ಒಟ್ಟು ತೂಕವನ್ನೇ ಲೆಕ್ಕ ಹಿಡಿಯಬೇಕು. ಸುಪ್ರೀಂ ಕೋರ್ಟ್ 2008ರಲ್ಲಿ ಶುದ್ಧಾಂಶವೇ ಮುಖ್ಯ ಎಂದಿತ್ತು. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಆ ತೀರ್ಪನ್ನು ಬದಿಗಿಟ್ಟು ಒಟ್ಟು ತೂಕವನ್ನೇ ಎತ್ತಿಹಿಡಿಯಿತು. ಪರಿಣಾಮ ಏನೆಂದರೆ, ಹೆಚ್ಚು ಕಲಬೆರಕೆ ಮಾಡಿದ, ಬಡವರು ಕೊಳ್ಳುವ ಅಗ್ಗದ ಪುಡಿಗೆ ಹೆಚ್ಚು ಶಿಕ್ಷೆ. ಎಲ್‌ಎಸ್‌ಡಿಯ ಅಲ್ಪ ಪ್ರಮಾಣ 2 ಮಿಲಿಗ್ರಾಂ. ಅದನ್ನು ಹೀರಿಕೊಂಡ ಕಾಗದದ ಚೂರೇ ಅದಕ್ಕಿಂತ ಭಾರ. ಆ ಕಾಗದವನ್ನೂ ತೂಗಬೇಕೇ ಎಂದು ನ್ಯಾಯಾಲಯಗಳಲ್ಲಿ ವಾದ ನಡೆದಿದೆ. ಎಂಡಿಎಂಎಯ ಒಂದೆರಡು ಮಾತ್ರೆ ಇಟ್ಟುಕೊಂಡ ಕಾಲೇಜು ಹುಡುಗಿಯೊಬ್ಬಳು ಅರ್ಧ ಗ್ರಾಂ ದಾಟಿದ ಮಾತ್ರಕ್ಕೆ ಹತ್ತು ವರ್ಷದ ಶಿಕ್ಷೆಯ ವ್ಯಾಪ್ತಿಗೆ ಬೀಳುತ್ತಾಳೆ. ಅವಳಿಗೆ ಚಟವಿದೆಯೇ, ಅವಳಿಗೆ ಇದನ್ನು ಕೊಟ್ಟವರು ಯಾರು ಎಂಬುದನ್ನು ತೂಕದ ಯಂತ್ರ ಹೇಳಲಾರದು.

ಹಾಗಾದರೆ ಚಿಕಿತ್ಸೆಯ ಬಾಗಿಲು? 64ಎ ಸೆಕ್ಷನ್‌ ಪ್ರಕಾರ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಆದರೆ ಅದನ್ನು ಪಡೆಯಲು ಮೊದಲು ಆರೋಪಿಯಾಗಬೇಕು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವೇ ಆಗಿರಬೇಕು. ತಾನು ವ್ಯಸನಿ ಎಂದು ತೋರಿಸಬೇಕು. ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಬೇಕು. ನಡುವೆ ಬಿಟ್ಟರೆ ರಕ್ಷಣೆಯನ್ನು ವಾಪಸು ಪಡೆಯಬಹುದು. ವ್ಯಸನದ ವೈದ್ಯರನ್ನು ಯಾರನ್ನಾದರೂ ಕೇಳಿ, ಬಿಟ್ಟು ಮತ್ತೆ ಹಿಡಿಯುವುದು ಈ ಕಾಯಿಲೆಯ ಲಕ್ಷಣವೇ ಎನ್ನುತ್ತಾರೆ. ಕಾಯಿಲೆಯ ಲಕ್ಷಣ ಕಂಡದ್ದಕ್ಕೆ ರಕ್ಷಣೆ ಕಸಿದುಕೊಳ್ಳುವ ಕಾನೂನನ್ನು ಚಿಕಿತ್ಸೆಯ ಕಾನೂನು ಎನ್ನಲಾಗದು. 39ನೇ ಸೆಕ್ಷನ್ ಇನ್ನೂ ತಡವಾಗಿ ಬರುತ್ತದೆ, ತಪ್ಪಿತಸ್ಥ ಎಂದು ತೀರ್ಮಾನವಾದ ಮೇಲೆ. ಪಂಜಾಬಿನಲ್ಲಿ 2013ರಿಂದ 2015ರವರೆಗಿನ ಸಾವಿರಾರು ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಅಧ್ಯಯನ ಮಾಡಿ 2018ರಲ್ಲಿ ವರದಿ ಪ್ರಕಟಿಸಿತು. ನ್ಯಾಯಾಲಯದ ಮೂಲಕ ಚಿಕಿತ್ಸೆಗೆ ಕಳಿಸಲ್ಪಟ್ಟ ಒಬ್ಬ ವ್ಯಕ್ತಿಯೂ ಅದರಲ್ಲಿ ಕಾಣಲಿಲ್ಲ. ವ್ಯಸನದಿಂದ ತತ್ತರಿಸಿದ ರಾಜ್ಯದಲ್ಲಿ, ಮೂರು ವರ್ಷಗಳಲ್ಲಿ, ಒಬ್ಬರೂ ಇಲ್ಲ.

ದೇಶದಾದ್ಯಂತ ಈ ಕಾಯ್ದೆಯಡಿ ದಾಖಲಾಗುವ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಬಳಕೆಯವು ಎಂದು ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರ್ಷಗಳ ಅಂಕಿಗಳು ಹೇಳುತ್ತವೆ. ಪೊಲೀಸರಿಗೆ ಇದು ಸುಲಭದ ದಾರಿ. ಸೇದಿದವನನ್ನು ಹಿಡಿಯಲು ಒಂದು ಮೂತ್ರ ಪರೀಕ್ಷೆ ಸಾಕು. ಜಾಲದ ಮೇಲಿನ ತುದಿಯನ್ನು ಹಿಡಿಯಲು ತಿಂಗಳುಗಟ್ಟಲೆ ಬೆವರು ಬೇಕು. ಅಂಕಿಸಂಖ್ಯೆ ಕೇಳುವ ಮೇಲಧಿಕಾರಿಗೆ ಎರಡೂ ಒಂದೊಂದು ಪ್ರಕರಣವೇ. 2020ರಲ್ಲಿ ಕನ್ನಡ ಚಿತ್ರರಂಗದ ಕೆಲವರ ಬಂಧನವಾದಾಗ ಟಿ.ವಿ. ವಾಹಿನಿಗಳು ವಾರಗಟ್ಟಲೆ ಆಡಿದ ಮಾತುಗಳಲ್ಲಿ ಚಿಕಿತ್ಸೆ, ಆರೋಗ್ಯ ಎಂಬ ಪದಗಳು ಎಷ್ಟು ಸಲ ಬಂದವು? ಹೆಣ್ಣುಮಕ್ಕಳ ಚಾರಿತ್ರ್ಯದ ಬಗ್ಗೆ ಬಂದಷ್ಟು ಖಂಡಿತ ಬರಲಿಲ್ಲ. ಅದನ್ನು ನೋಡಿದ ಯಾವ ಮನೆಯ ತಾಯಿ ತಾನೇ ಮಗನ ಜೇಬಿನಲ್ಲಿ ಪುಡಿ ಕಂಡಾಗ ಧೈರ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿಯಾಳು?

ಕನ್ನಡ ನಾಡಿಗೆ ಬೇರೊಂದು ರೀತಿಯೂ ಗೊತ್ತಿದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕುಡಿತದ ಚಟಕ್ಕೆ ಬಿದ್ದವರಿಗಾಗಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದ್ದಾರೆ. ಶಿಬಿರದ ವಿಧಾನಗಳ ಬಗ್ಗೆ ವೈದ್ಯಕೀಯವಾಗಿ ಚರ್ಚೆ ಮಾಡಬಹುದು. ಆದರೆ ಅಲ್ಲಿಗೆ ಬಂದವನನ್ನು ಹೆಂಡತಿ ಮಕ್ಕಳ ಎದುರು ಮನುಷ್ಯನೆಂದು ಕೂರಿಸುತ್ತಾರೆ. ಅವನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಇನ್ನೊಂದು ಕಡೆ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತದೆ. ಏಮ್ಸ್‌ನ ತಜ್ಞರು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, 5.7 ಕೋಟಿ ಜನರಿಗೆ ಅದರಿಂದ ತೊಂದರೆಯಾಗುತ್ತಿದೆ. ಗಾಂಜಾ-ಭಂಗಿ ಬಳಸುವವರು 3.1 ಕೋಟಿ, ಅಫೀಮು-ಹೆರಾಯಿನ್ ಬಗೆಯವನ್ನು ಬಳಸುವವರು 2.26 ಕೋಟಿ, ಈ ಕೊನೆಯ ಗುಂಪಿನಲ್ಲಿ ತೊಂದರೆಗೆ ಸಿಕ್ಕವರು ಸುಮಾರು 77 ಲಕ್ಷ. ಅಕ್ರಮ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದದ್ದು ಇಪ್ಪತ್ತರಲ್ಲಿ ಒಬ್ಬರು ಮಾತ್ರ. ಕುಡುಕನಿಗೆ ಶಿಬಿರ, ಗಾಂಜಾ ಸೇದಿದವನಿಗೆ ಲಾಕಪ್ ಎಂಬ ಈ ವಿಂಗಡಣೆ ಹಾನಿಯನ್ನು ಅಳೆದು ಮಾಡಿದ್ದಲ್ಲ.

ಬೇರೆ ದಾರಿ ಹಿಡಿದ ದೇಶಗಳಲ್ಲಿ ಪೋರ್ಚುಗಲ್‌ನ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಅದನ್ನು ಹೊಗಳುವವರೂ ತೆಗಳುವವರೂ ಒಂದೇ ತಪ್ಪು ಮಾಡುತ್ತಾರೆ: ಅಲ್ಲಿ ಮಾದಕ ವಸ್ತುಗಳಿಗೆ ಕಾನೂನಿನ ಒಪ್ಪಿಗೆ ಇದೆ ಎಂದುಕೊಳ್ಳುತ್ತಾರೆ. ಇಲ್ಲ. 1990ರ ದಶಕದ ಕೊನೆಗೆ ಒಂದು ಕೋಟಿ ಜನರ ಆ ದೇಶದಲ್ಲಿ ಸುಮಾರು ನೂರರಲ್ಲಿ ಒಬ್ಬರು ಹೆರಾಯಿನ್ ವ್ಯಸನಿಗಳಾಗಿದ್ದರು. ಲಿಸ್ಬನ್‌ನ ಕಾಸಾಲ್ ವೆಂಟೊಸೊ ಬಡಾವಣೆ ಹಾಡಹಗಲಲ್ಲೇ ಹೆರಾಯಿನ್ ಸಂತೆಯಾಗಿತ್ತು. ವ್ಯಸನ ಎಲ್ಲ ವರ್ಗದ ಮನೆಗಳನ್ನೂ ಹೊಕ್ಕಿದ್ದರಿಂದ ಅದನ್ನು ‘ಅವರ’ ಸಮಸ್ಯೆ ಎಂದು ತಳ್ಳಿಹಾಕುವುದು ಆಗಲಿಲ್ಲ. ಸುಧಾರಣೆ ಸಾಧ್ಯವಾದದ್ದರ ಹಿಂದೆ ಈ ಸಂಗತಿಯೂ ಇದೆ. 1998ರಲ್ಲಿ ತಜ್ಞರ ಸಮಿತಿ ನೇಮಕವಾಯಿತು. ಕುಟುಂಬ ವೈದ್ಯರಾಗಿದ್ದ ಜುವಾವು ಗುಲಾವು ಅದರ ಸದಸ್ಯರಲ್ಲೊಬ್ಬರು. ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದ ಆಂಟೋನಿಯೊ ಗುಟೆರಸ್ ಆಗ ಪ್ರಧಾನಿ. 2001ರ ಜುಲೈ 1ರಿಂದ ಹೊಸ ಕಾನೂನು ಜಾರಿಗೆ ಬಂತು.

ಅದರ ಪ್ರಕಾರ ಹತ್ತು ದಿನದ ಬಳಕೆಗಾಗುವಷ್ಟು ಮಾಲು ಸಿಕ್ಕರೆ ಅದು ಅಪರಾಧವಲ್ಲ, ಆಡಳಿತಾತ್ಮಕ ಉಲ್ಲಂಘನೆ. ಪೊಲೀಸರು ಮಾಲನ್ನು ವಶಪಡಿಸಿಕೊಳ್ಳುತ್ತಾರೆ, ಆ ವ್ಯಕ್ತಿಗೆ 72 ಗಂಟೆಯೊಳಗೆ ಒಂದು ಆಯೋಗದ ಮುಂದೆ ಹಾಜರಾಗಲು ಹೇಳುತ್ತಾರೆ. ಆಯೋಗದಲ್ಲಿ ಮೂವರು, ಕಾನೂನು, ಆರೋಗ್ಯ, ಸಮಾಜಸೇವೆಗಳ ಹಿನ್ನೆಲೆಯವರು. ಕಟಕಟೆಯಿಲ್ಲ, ಕರಿಕೋಟಿಲ್ಲ, ಒಂದು ಮೇಜಿನ ಸುತ್ತ ಮಾತು. ಬಂದವರಲ್ಲಿ ಹೆಚ್ಚಿನವರು ವ್ಯಸನಿಗಳಲ್ಲ ಎಂದು ಕಂಡುಬರುತ್ತದೆ, ಅವರ ಮೇಲಿನ ಪ್ರಕ್ರಿಯೆಯನ್ನು ಅಮಾನತಿನಲ್ಲಿಟ್ಟು ಕಳಿಸುತ್ತಾರೆ. ತೊಂದರೆಯಲ್ಲಿರುವವರಿಗೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ, ಒತ್ತಾಯ ಮಾಡುವುದಿಲ್ಲ. ಮಾರಾಟ ಮತ್ತು ಸಾಗಣೆ ಮೊದಲಿನಂತೆಯೇ ಅಪರಾಧ. ಈ ಏರ್ಪಾಡಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸಡಿಲಿಕೆಯಲ್ಲ. ವ್ಯಸನಿಯ ಹೊಣೆ ಆರೋಗ್ಯ ಇಲಾಖೆಯ ಕೈಗೆ ಹೋಯಿತಲ್ಲ, ಅದು. ಪೊಲೀಸರಿಗೂ ದೊಡ್ಡ ವ್ಯಾಪಾರಿಗಳ ಬೆನ್ನು ಹತ್ತಲು ಸಮಯ ಸಿಕ್ಕಿತು. ಜೊತೆಗೆ ಹೆರಾಯಿನ್ ಬದಲಿಗೆ ಕೊಡುವ ಮೆಥಡೋನ್, ಸ್ವಚ್ಛ ಸೂಜಿ, ಬೀದಿಗೇ ಹೋಗಿ ವ್ಯಸನಿಗಳನ್ನು ಮಾತನಾಡಿಸುವ ತಂಡಗಳು, ವ್ಯಸನಿಗಳಿಗೆ ಕೆಲಸ ಕೊಡುವವರಿಗೆ ಸಂಬಳದಲ್ಲಿ ನೆರವು, ಇಷ್ಟೆಲ್ಲ ಬಂತು. ಸೂಜಿ ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಪ್ರಕರಣಗಳು ಆರಂಭದಲ್ಲಿ ವರ್ಷಕ್ಕೆ ಸಾವಿರದ ಆಸುಪಾಸಿನಲ್ಲಿದ್ದವು. ಒಂದು ದಶಕದಲ್ಲಿ ನೂರಕ್ಕಿಂತ ಕೆಳಗಿಳಿದವು. ಜನ ಹೆದರಿದ್ದ ಬಳಕೆಯ ಮಹಾಪೂರ ಬರಲಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ನೆಟ್ಟಗಿಲ್ಲ. ಆರ್ಥಿಕ ಬಿಕ್ಕಟ್ಟಿನ ಕಾಲದಲ್ಲಿ, 2012ರ ಸುಮಾರಿಗೆ, ಈ ಕೆಲಸಕ್ಕೆಂದೇ ಇದ್ದ ಸಂಸ್ಥೆಯನ್ನು ಒಡೆದು ಹಂಚಿದರು, ಹಣ ಕಡಿತವಾಯಿತು. ಕೆಲವು ವರ್ಷಗಳಿಂದ ಪೋರ್ಟೊ ನಗರದ ಬೀದಿಗಳಲ್ಲಿ ಬಹಿರಂಗ ಸೇವನೆ ಮತ್ತೆ ಕಾಣುತ್ತಿದೆ.

ಕಾನೂನು ಬದಲಾದರೂ ಚಿಕಿತ್ಸೆ ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಆರೆಗನ್ ರಾಜ್ಯ ಸಾಕ್ಷಿ. 2020ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ‘ಮೆಷರ್ 110’ ಅನ್ನು ಒಪ್ಪಿದರು. ಅಲ್ಪ ಪ್ರಮಾಣಕ್ಕೆ 100 ಡಾಲರ್ ದಂಡ. ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮನ್ನಾ. ಫೋನ್ ಮಾಡಿದವರು ಬೆರಳೆಣಿಕೆಯಷ್ಟು. ಚಿಕಿತ್ಸೆಗೆಂದು ಎತ್ತಿಟ್ಟ ಹಣ ಕೇಂದ್ರಗಳನ್ನು ತಲುಪುವುದು ತೀರಾ ತಡವಾಯಿತು. ಅಷ್ಟರಲ್ಲಿ ಫೆಂಟನಿಲ್ ಎಂಬ ಪ್ರಬಲ ಅಮಲು ಮದ್ದು ಬೀದಿಗಿಳಿದಿತ್ತು. 2024ರಲ್ಲಿ ಅದೇ ರಾಜ್ಯ ಅಲ್ಪ ಪ್ರಮಾಣವನ್ನು ಮತ್ತೆ ಅಪರಾಧವೆಂದು ಸಾರಿತು. ನಮ್ಮಲ್ಲಿ ಸುಧಾರಣೆಯನ್ನು ವಿರೋಧಿಸುವವರು ಈ ಉದಾಹರಣೆಯನ್ನು ಎತ್ತಿದಾಗ ಅದನ್ನು ಅಲ್ಲಗಳೆಯಬಾರದು. ಪೋರ್ಚುಗಲ್‌ನಲ್ಲಿ ಠಾಣೆಯ ಜಾಗಕ್ಕೆ ಮೂವರ ಮೇಜು ಬಂತು. ಆರೆಗನ್‌ನಲ್ಲಿ ಒಂದು ಚೀಟಿ ಬಂತು. ಚೀಟಿ ಯಾರನ್ನೂ ಮಾತನಾಡಿಸುವುದಿಲ್ಲ.

ಭಾರತದಲ್ಲೂ ಬದಲಾವಣೆಯ ಸುಳಿವು ಒಮ್ಮೆ ಕಂಡಿತ್ತು. 2021ರಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ, ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದಿಂದ ಹೊರಗಿಟ್ಟು ಸಿಕ್ಕವರನ್ನು ಸರ್ಕಾರಿ ಕೇಂದ್ರದಲ್ಲಿ 30 ದಿನದ ಚಿಕಿತ್ಸೆಗೆ ಕಳಿಸುವ ಪ್ರಸ್ತಾವ ಇಟ್ಟಿದೆ ಎಂದು ವರದಿಯಾಯಿತು. ಅದು ಕಾನೂನಾಗಲಿಲ್ಲ. ಆಗದ್ದಕ್ಕೆ ಬೇಸರವಿದೆ, ಆದರೆ ಇದ್ದ ರೂಪದಲ್ಲಿ ಅದನ್ನು ಪೂರ್ತಿ ಒಪ್ಪಲಾರೆ. ಸಿಕ್ಕವರೆಲ್ಲ ರೋಗಿಗಳಲ್ಲ. ಶಿವರಾತ್ರಿಯಂದು ಚಿಲುಮೆ ಎಳೆದವನಿಗೆ ತಿಂಗಳ ಚಿಕಿತ್ಸೆ ಬೇಕಿಲ್ಲ. ಹೆರಾಯಿನ್‌ಗೆ ದಾಸನಾದವನಿಗೆ ತಿಂಗಳು ಸಾಲದು. ಒಲ್ಲದವನನ್ನು ಕೂಡಿಹಾಕಿದರೆ ಅದು ಬೇರೆ ಹೆಸರಿನ ಜೈಲು. ಕಟ್ಟಿಹಾಕಿ ಹೊಡೆಯುವ ವ್ಯಸನಮುಕ್ತಿ ಕೇಂದ್ರಗಳ ಸುದ್ದಿ ದೇಶದ ನಾನಾ ಕಡೆಗಳಿಂದ ಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಯನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಘನತೆಯಿಂದ ಚಿಕಿತ್ಸೆ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಒಬ್ಬನೇ ಮನುಷ್ಯ ಒಂದು ಕಾಯ್ದೆಯಲ್ಲಿ ಹಕ್ಕುಳ್ಳ ರೋಗಿ, ಇನ್ನೊಂದರಲ್ಲಿ ಅಪರಾಧಿ. ಈ ವೈರುಧ್ಯವನ್ನು ಸಂಸತ್ತೇ ಬಿಡಿಸಬೇಕು: ಸೇವನೆಯ ಶಿಕ್ಷೆ ಹೋಗಬೇಕು, ಸ್ವಂತ ಬಳಕೆಗೆ ಇಟ್ಟುಕೊಂಡದ್ದು ಮಾರಾಟದಿಂದ ಬೇರೆಯಾಗಬೇಕು, ತೂಕದ ಜೊತೆಗೆ ಉದ್ದೇಶವನ್ನೂ ನೋಡಬೇಕು. ದೊಡ್ಡ ಜಾಲಗಳ ಮೇಲಿನ ಕಠಿಣ ಸೆಕ್ಷನ್‌ಗಳು ಹಾಗೆಯೇ ಇರಲಿ.

ಸಂಸತ್ತಿಗಾಗಿ ಕಾಯುತ್ತ ಕೂರಬೇಕಾಗಿಯೂ ಇಲ್ಲ. ಮಣಿಪುರ, ಪಂಜಾಬ್ ಮೊದಲಾದ ಕಡೆ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಲ್ಲಿ ವರ್ಷಗಳಿಂದ ಸೂಜಿ ಬಳಸುವವರಿಗೆ ಹೊಸ ಸೂಜಿ ಕೊಡುತ್ತಾರೆ, ಹೆರಾಯಿನ್ ಬದಲು ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯಡಿ ಇಡಿಸುತ್ತಾರೆ. ಒಂದು ಇಲಾಖೆ ಸೂಜಿ ಕೊಡುವಾಗ ಇನ್ನೊಂದು ಇಲಾಖೆ ಹಿಡಿಯಲು ನಿಂತಿದ್ದರೂ ಆ ಕಾರ್ಯಕರ್ತರು ಕೆಲಸ ಬಿಟ್ಟಿಲ್ಲ. ಸಾವಿರಾರು ಜನರನ್ನು ಜೈಲಿಗಟ್ಟಿದ ಪಂಜಾಬ್ ಕೂಡ 2017ರಲ್ಲಿ ದಾರಿ ಬದಲಿಸಿತು. ಆಸ್ಪತ್ರೆಗೆ ಸೇರದೆ ಹೊರರೋಗಿಯಾಗಿಯೇ ಔಷಧ ಪಡೆಯುವ ಕ್ಲಿನಿಕ್‌ಗಳನ್ನು ಅದು ತೆರೆಯಿತು. ಲಕ್ಷಾಂತರ ಜನ ಅಲ್ಲಿ ಹೆಸರು ಬರೆಸಿದ್ದಾರೆ. ಕರ್ನಾಟಕದಲ್ಲಿ ಈ ಜ್ಞಾನ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ದಶಕಗಳಿಂದ ಇದೆ. ಸಾರ್ವಜನಿಕ ಆರೋಗ್ಯ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ವ್ಯಸನಿಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಗಳನ್ನು ತೆರೆಯುವ ಅಧಿಕಾರವನ್ನು 71ನೇ ಸೆಕ್ಷನ್ ಸರ್ಕಾರಕ್ಕೆ ಈಗಾಗಲೇ ಕೊಟ್ಟಿದೆ. ಬೀದರ್‌ನಿಂದ ಚಾಮರಾಜನಗರದವರೆಗೆ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವ್ಯಸನದ ಹೊರರೋಗಿ ವಿಭಾಗ ನಡೆಸಬಹುದು. ಅಲ್ಪ ಪ್ರಮಾಣದಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ 64ಎ ಸೆಕ್ಷನ್‌ನ ರಕ್ಷಣೆಯನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕೆಂದು ಠಾಣೆಗಳಿಗೆ ಸುತ್ತೋಲೆ ಕಳಿಸಬಹುದು. ಮೊದಲ ವಿಚಾರಣೆಗೆ ಮುಂಚೆಯೇ ಆಪ್ತಸಮಾಲೋಚಕರು ಆರೋಪಿಯನ್ನು ಕಾಣುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಜೊತೆ ಏರ್ಪಾಡು ಮಾಡಿಕೊಳ್ಳಬಹುದು. ಇಷ್ಟಕ್ಕೆ ದೆಹಲಿಯ ಒಪ್ಪಿಗೆ ಬೇಕಿಲ್ಲ. ಅಬಕಾರಿ ಆದಾಯದ ಒಂದು ಸಣ್ಣ ಪಾಲನ್ನು ಇದಕ್ಕೆಂದು ತೆಗೆದಿಡಿ ಎಂದು ಮುಂದಿನ ಬಜೆಟ್ಟಿಗೆ ಮೊದಲು ನಮ್ಮ ಶಾಸಕರನ್ನು ನಾವೇ ಕೇಳಬೇಕು.